ಸ್ವಂತ ಮಕ್ಕಳಿಗೆ ಪಾಠ ಹೇಳಬಾರದು

ಮಕ್ಕಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕಲಿಸುತ್ತೇವೆ ಎಂದು ಹೊರಟವರು ನಾವು. ವರ್ಷ ತುಂಬುವಷ್ಟರಲ್ಲಿ ಒಂದು ನಿಯಮ ಮಾಡಿಕೊಂಡೆವು: ಯಾರೂ ತಮ್ಮ ಸ್ವಂತ ಮಕ್ಕಳಿಗೆ ಪಾಠ ಹೇಳಬಾರದು. ಈಗ ಬರೆಯುವಾಗ ನಗು ಬರುತ್ತದೆ. ಆಗ ನಾವೆಲ್ಲರೂ ಬೋಂಡಾ ತಿನ್ನುತ್ತಾ, ಅತ್ಯಂತ ಗಂಭೀರವಾಗಿ ತಲೆಯಾಡಿಸಿ ಒಪ್ಪಿದ್ದೆವು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಮ್ಮ ಮನೆ ಮದ್ರಾಸಿನ ವಡಪಳನಿಯಲ್ಲಿ, ನನ್ನವರ ಕೆಲಸ ವಿಮೆಯ ಕಚೇರಿಯಲ್ಲಿ. ಮೂರು ಮಕ್ಕಳು. ಬಿಡಿಸಿದ್ದು ನಡುವಿನವನಿಗಾಗಿ. ಕಿವಿಗೆ ಬಿದ್ದದ್ದನ್ನು ಅವನು ಮರೆಯುತ್ತಿರಲಿಲ್ಲ, ಹಾಳೆಯ ಮೇಲಿನ ಅಕ್ಷರ ಮಾತ್ರ ಅವನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಓದಲು ಬರದಿದ್ದ ದಿನ ಅವನ ಟೀಚರು ಅವನನ್ನು ಕೈಹಿಡಿದು ಕರೆದೊಯ್ದು ಒಂದನೇ ತರಗತಿಯ ಮಕ್ಕಳ ನಡುವೆ ಕೂರಿಸಿ ಬರುತ್ತಿದ್ದರಂತೆ. ನನಗೆ ಗೊತ್ತಾಗಿದ್ದು ತಡವಾಗಿ. ಅಷ್ಟರಲ್ಲಿ ಅವನು ಬೆಳಗ್ಗೆ ಯೂನಿಫಾರ್ಮು ಹಾಕಿದೊಡನೆ ವಾಂತಿ ಮಾಡಿಕೊಳ್ಳಲು ಶುರು ಮಾಡಿದ್ದ. ಡಾಕ್ಟರಿಗೆ ತೋರಿಸಿದೆವು, ದೃಷ್ಟಿ ತೆಗೆದೆವು, ಇಡ್ಲಿ ಬದಲು ಗಂಜಿ ಕೊಟ್ಟು ನೋಡಿದೆವು. ಕೊನೆಗೆ ಯೂನಿಫಾರ್ಮನ್ನೇ ಬಿಡಿಸಿದಾಗ ವಾಂತಿ ನಿಂತಿತು.

ಅವನೊಬ್ಬನನ್ನೇ ಬಿಡಿಸಿದರೆ ಅವನಿಗೇ ಏನೋ ಕೊರತೆ ಎಂದಾಗುತ್ತದಲ್ಲ ಎಂಬ ಚಿಂತೆ ಹತ್ತಿತು. ಚಿಂತೆ ಹತ್ತಿದರೆ ನಾನು ಏನನ್ನಾದರೂ ಮಾಡಿಬಿಡುವವಳು. ಮೂವರನ್ನೂ ಬಿಡಿಸಿದೆ.

ಆಮೇಲೆ ಬಂತು ಪಠ್ಯಕ್ರಮ ಆರಿಸುವ ಕೆಲಸ. ಸೀರೆ ಆರಿಸಲು ಗಂಡನ ತಲೆ ತಿನ್ನುವವಳಿಗೆ ಮೂರು ಮಕ್ಕಳ ಭವಿಷ್ಯ ಆರಿಸು ಎಂದರೆ ಹೇಗೆ? ಆಗ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬೀದಿ ತುದಿಯ ಬ್ರೌಸಿಂಗ್ ಸೆಂಟರಿನಲ್ಲಿ, ನನ್ನನ್ನು ಕಂಡ ಕೂಡಲೇ ತಮ್ಮ ಪರದೆ ಮುಚ್ಚಿಕೊಳ್ಳುತ್ತಿದ್ದ ಹುಡುಗರ ನಡುವೆ ಕೂತು, ಅಮೆರಿಕದ ತಾಯಂದಿರು ಬರೆದದ್ದನ್ನೆಲ್ಲ ಓದಿದೆ. ಒಬ್ಬಳು, ಮಗು ತಾನಾಗಿ ಕೇಳುವ ತನಕ ಏನನ್ನೂ ಕಲಿಸಬೇಡಿ ಎನ್ನುತ್ತಾಳೆ. ಇನ್ನೊಬ್ಬಳು, ಇಷ್ಟು ಹೊತ್ತಿಗೆ ಲ್ಯಾಟಿನ್ ಶುರು ಮಾಡಿರಬೇಕಿತ್ತು ಎನ್ನುತ್ತಾಳೆ. ಎರಡನ್ನೂ ನಂಬಿದೆ. ಪ್ರಿಂಟ್ ತೆಗೆಸಿಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿದರೆ, ನನ್ನವರು ತಟ್ಟೆ ಹಿಡಿದು ನಿಂತೇ ಊಟ ಮಾಡಿದರು.

"ಲ್ಯಾಟಿನ್ ಯಾಕೇ? ಮೊದ್ಲು ಕನ್ನಡ ಮಾತಾಡ್ಲಿ. ನಾನು ಒಂದು ಕೇಳಿದ್ರೆ ಮೂರೂ ತಮಿಳಲ್ಲಿ ಉತ್ತರ ಕೊಡ್ತಾವೆ" ಎಂದರು.

"ನೀವು ಸುಮ್ನಿರಿ, ನಂಗೆ ಮೊದ್ಲೇ ತಲೆ ಕೆಟ್ಟಿದೆ."

"ಅದು ಗೊತ್ತಾಗ್ತಿದೆ" ಎಂದು ಮಜ್ಜಿಗೆ ಬಡಿಸಿಕೊಂಡು ಹೊರಗೆ ಹೋದರು.

ಊರಿಗೆ ಮರಳಿದ ಯಾವುದೋ ಅಮೆರಿಕದ ಸಂಸಾರ ಬಿಟ್ಟುಹೋದ ಪುಸ್ತಕದ ಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿ ಲೆಕ್ಕವೆಲ್ಲ ನಿಕ್ಕಲ್ಲು, ಡೈಮು ಎಂಬ ಅಲ್ಲಿನ ಚಿಲ್ಲರೆ ಕಾಸಿನದು. ನಾಲ್ಕು ಋತುಗಳ ಚಿತ್ರ ಬರೆ ಎಂಬಲ್ಲಿ ನನ್ನ ಚಿಕ್ಕವಳು ಮೂರು ಚೌಕದಲ್ಲಿ ಸೂರ್ಯ ಬರೆದು, ನಾಲ್ಕನೆಯದರಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತ ಅಪ್ಪನನ್ನು ಬರೆದಳು. ಉತ್ತರ ಪುಸ್ತಕದ ಪ್ರಕಾರ ಅದು ತಪ್ಪು. ನನಗೆ ಸಿಟ್ಟು ಬಂದಿದ್ದು ಉತ್ತರ ಪುಸ್ತಕದ ಮೇಲಲ್ಲ, ಅದನ್ನು ತೆರೆದು ತಾಳೆ ನೋಡುತ್ತಾ ಕೂತ ನನ್ನ ಮೇಲೆ. ಆದರೂ ಪೆಟ್ಟಿಗೆ ಎಸೆಯಲಿಲ್ಲ. ಚಿಕ್ಕವಳಿಗೆ ಅದೇ ಇರಲಿ ಎಂದೆ. ದೊಡ್ಡವಳಿಗೆ ಹತ್ತನೇ ತರಗತಿಯ ಪರೀಕ್ಷೆ ಖಾಸಗಿಯಾಗಿ ಬರೆಸುವುದೆಂದು ಅದರ ಪುಸ್ತಕ ತಂದೆ. ನಡುವಿನವನಿಗೆ ಒಂದಾದ ಮೇಲೊಂದು ತಂದು, ಒಂದೊಂದನ್ನೂ ಎರಡು ವಾರದಲ್ಲಿ ಅಟ್ಟಕ್ಕೆ ಹಾಕಿದೆ. ಹೀಗೆ ಒಂದೇ ಮನೆಯಲ್ಲಿ ಮೂರು ಪಠ್ಯಕ್ರಮ. ಒಬ್ಬಳಿಗೆ ಬೀಜಗಣಿತ ಹೇಳುವಾಗ ಇನ್ನೊಬ್ಬಳು ಅಂಟು ಚೆಲ್ಲುತ್ತಿದ್ದಳು, ಮೂರನೆಯವನು ಮೇಜಿನ ಕೆಳಗೆ ಹೊಕ್ಕಿರುತ್ತಿದ್ದ.

ಇದೇ ಸುಸ್ತಿನಲ್ಲಿದ್ದ ಕೆಲವು ಮನೆಯವರು ಸೇರಿ ಕೋ-ಆಪ್ ಮಾಡಿಕೊಂಡೆವು. ಮಂಗಳವಾರ, ಶುಕ್ರವಾರ ಎಲ್ಲ ಮಕ್ಕಳೂ ಒಂದು ಕಡೆ ಸೇರುವುದು, ತಂದೆತಾಯಂದಿರು ತಮಗೆ ಬರುವ ವಿಷಯ ಹಂಚಿಕೊಂಡು ಹೇಳಿಕೊಡುವುದು. ಪಾಠ ಹೇಳದ ಮನೆಯ ಮಕ್ಕಳಿಗೆ ಜಾಗವಿಲ್ಲ. ಜಾಗ ಕೊಟ್ಟವರು ಅಣ್ಣಾ ನಗರದ ಒಬ್ಬಾಕೆ. ಮೂಲ ಕುಂದಾಪುರದ ಕಡೆ, ಗಂಡನ ಮನೆಯವರದು ಹೋಟೆಲು. ಅವರ ಮನೆಯ ತಾರಸಿಯ ಮೇಲೆ ಉದ್ದಕ್ಕೂ ತೆಂಗಿನ ಗರಿಯ ಚಪ್ಪರ, ಕೆಳಗೆ ದೊಡ್ಡ ಹಜಾರ. ಆಕೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ತಂದೆಯೊಬ್ಬರು ದೊಡ್ಡ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದರು. ನನಗೆ ಬಂದದ್ದು ಅಡುಗೆಮನೆಯ ವಿಜ್ಞಾನ: ಪೂರಿ ಯಾಕೆ ಉಬ್ಬುತ್ತದೆ, ಹಾಲು ಯಾಕೆ ಹೆಪ್ಪಾಗುತ್ತದೆ, ದೋಸೆ ಹಿಟ್ಟು ಮದ್ರಾಸಿನ ಸೆಕೆಯಲ್ಲಿ ಯಾಕೆ ಪಾತ್ರೆ ಬಿಟ್ಟು ಓಡಿಹೋಗುತ್ತದೆ.

ತಾಯಿ ಹೇಳಿದರೆ ಮಕ್ಕಳು ಕೇಳುವುದಿಲ್ಲ, ಪಕ್ಕದ ಮನೆಯವರು ಹೇಳಿದರೆ ಕೇಳುತ್ತವೆ. ಮೊದಲೇ ಹೇಳಿದ ಆ ನಿಯಮ ಹುಟ್ಟಿದ್ದು ಇದರಿಂದ. ನಾನು ಕೆಳಗೆ ಹಜಾರದಲ್ಲಿ ಬೇರೆಯವರ ಮಕ್ಕಳಿಗೆ ಹಿಟ್ಟು ತೋರಿಸುತ್ತಿದ್ದರೆ, ನನ್ನವು ಮೇಲೆ ಚಪ್ಪರದಲ್ಲಿ ಇನ್ಯಾರದೋ ಪಾಠ ಕೇಳುತ್ತಿದ್ದವು. ಓದು ಬರುವವರು, ಬಾರದವರು ಎಂದು ಮಕ್ಕಳನ್ನು ಬೇರೆ ಕೂರಿಸಕೂಡದೆಂದೂ ಒಪ್ಪಿದ್ದೆವು. ನಡುವಿನವನಿಗೆ ಅಲ್ಲಿ ಗೆಳೆಯರಾದರು, ಅವನ ವಯಸ್ಸಿನವರೇ ನಾಲ್ಕೈದು ಹುಡುಗರು. ಮಂಗಳವಾರ ಬೆಳಗ್ಗೆ ನಾನು ಎಬ್ಬಿಸುವ ಮೊದಲೇ ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿರುತ್ತಿದ್ದ. ಓದು ಇನ್ನೂ ಕುಂಟುತ್ತಿತ್ತು. ಇರಲಿ, ಹುಡುಗ ನಗುತ್ತಿದ್ದಾನಲ್ಲ ಎಂದುಕೊಂಡಿದ್ದೆ.

ಒಂದು ಶುಕ್ರವಾರ ಪಾಠ ಮುಗಿಸಿ ಆಟೋದಲ್ಲಿ ವಾಪಸು ಬರುತ್ತಿದ್ದೆವು. ಕೋಯಂಬೇಡಿನ ತರಕಾರಿ ಮಾರುಕಟ್ಟೆಯ ಹತ್ತಿರ ಎಲೆಕೋಸಿನ ಲಾರಿಗಳ ಹಿಂದೆ ಸಿಕ್ಕಿಕೊಂಡಿದ್ದಾಗ ತೊಡೆಯ ಮೇಲಿದ್ದ ಚಿಕ್ಕವಳು ಹಿಗ್ಗಿನಿಂದ, "ಅಮ್ಮಾ, ಅಣ್ಣ ಇನಿಮೇ ಎಂಗ ಕ್ಲಾಸ್‌ದಾನ್!" ಎಂದಳು. ಅಣ್ಣ ಇನ್ನು ಮೇಲೆ ತಮ್ಮ ಕ್ಲಾಸೇ ಅಂತೆ.

"ಏಯ್, ಬಾಯ್ಮುಚ್ಚು" ಎಂದು ದೊಡ್ಡವಳು ಅವಳ ತೊಡೆ ಚಿವುಟಿದಳು.

"ಯಾಕೆ? ನಿಜ ತಾನೇ? ಇಂಗ್ಲಿಷ್ ಆಂಟಿ ಟೆಸ್ಟ್ ಮಾಡಿದ್ರು. ಅಣ್ಣಂಗೆ ಓದಕ್ ಬರ್ಲಿಲ್ಲ. ಅದಕ್ಕೆ ನನ್ ಪಕ್ಕ ಕೂರ್ಸಿದ್ರು."

ಅವನು ಹೊರಗೆ ನೋಡುತ್ತಿದ್ದ. ನಾನು ಕೇಳಿದ ಮೇಲೆ, ತಿರುಗದೆಯೇ, "ಅವ್ರ ಬೆಂಚು ಚಿಕ್ಕದು, ಕಾಲು ಹಿಡಿಸಲ್ಲ" ಎಂದ. ಅಷ್ಟೇ.

ನನಗೆ ಕಿವಿ ಕಾದುಹೋಯಿತು. ಶಾಲೆಯಲ್ಲಾದದ್ದನ್ನು ಆಕೆಗೆ ನಾನೇ ಕೂತು ಹೇಳಿದ್ದೆ, ಆಕೆ ಕಣ್ಣೊರೆಸಿಕೊಂಡಿದ್ದರು! ಶಾಲೆ ಬೇಡವೆಂದು ಓಡಿಬಂದ ಜನ ತಾರಸಿಯ ಮೇಲೆ ಇನ್ನೊಂದು ಶಾಲೆ ಕಟ್ಟಿದ್ದೆವು. ಕಟ್ಟಿದ್ದಲ್ಲದೆ ಅದೇ ಹುಡುಗನನ್ನು ಹಿಡಿದು ಅದೇ ಒಂದನೇ ತರಗತಿಗೆ ತಳ್ಳಿದ್ದೆವು. ಮನೆ ತಲುಪುವ ತನಕ ಆಟೋದವರ ಮೇಲೆ, ಲಾರಿಯವರ ಮೇಲೆ, ಎಲೆಕೋಸಿನ ಮೇಲೆ ರೇಗಿದೆ. ಸೋಮವಾರದ ತನಕ ನನ್ನವರ ಮೇಲೆ ರೇಗಿದೆ.

"ನನ್ನ ಮೇಲ್ಯಾಕೆ? ಹೋಗಿ ಅವರನ್ನ ಕೇಳು. ಆದ್ರೆ ಕೂಗಾಡ್ಬೇಡ" ಎಂದರು.

"ಬಿಟ್ಟೇಬಿಡ್ತೀನಿ. ಮೂವರನ್ನೂ ಬಿಡಿಸ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡವಳ ಮುಖ ಇಳಿಯಿತು. "ಅಮ್ಮಾ, ಪ್ಲೀಸ್, ಸಂಡೈ ಪೋಡಾದೇಮ್ಮಾ" ಎಂದಳು. ಜಗಳ ಆಡಬೇಡ ಎಂದು. ಅವಳ ಪರೀಕ್ಷೆಗೆ ಇನ್ನು ಒಂದು ವರ್ಷವೂ ಇರಲಿಲ್ಲ. ಆ ರಸಾಯನಶಾಸ್ತ್ರದ ಮೇಷ್ಟ್ರು ಬಿಟ್ಟರೆ ಅವಳಿಗೆ ಪ್ರಯೋಗ ಮಾಡಿಸುವವರು ಬೇರೆ ಯಾರೂ ಇರಲಿಲ್ಲ, ನನ್ನ ಪೂರಿಯಿಂದ ಪ್ರಾಕ್ಟಿಕಲ್ ಪಾಸಾಗುವುದಿಲ್ಲವಲ್ಲ. ಬಾಗಿಲು ಬಡಿದು ಹೊರಬೀಳುವ ಸುಖವೂ ನನಗಿರಲಿಲ್ಲ. ಒಂದೇ ಮಗು ಇರುವ ತಾಯಿ ಬೇಕಾದಷ್ಟು ಸಿಟ್ಟು ಮಾಡಿಕೊಳ್ಳಬಹುದು. ಮೂರಿರುವವಳು ಸಿಟ್ಟನ್ನೂ ಹಂಚಿ ಬಡಿಸಬೇಕು.

ಮಂಗಳವಾರ ಬೇಗ ಹೋದೆ. ಆಕೆ ಹಜಾರದಲ್ಲಿ ಚಾಪೆ ಹಾಸುತ್ತಿದ್ದರು.

"ಬನ್ನಿ ಬನ್ನಿ, ಕಾಫಿ ಕುಡಿತೀರಾ?"

"ಕಾಫಿ ಬೇಡ. ಶುಕ್ರವಾರ ನನ್ನ ಮಗನ್ನ ಯಾಕ್ರೀ ಚಿಕ್ಕ ಮಕ್ಕಳ ಜೊತೆ ಕೂರ್ಸಿದ್ರಿ?"

"ಓ, ಅದಾ? ಅದು ಬರೀ ಲೆವೆಲ್ ಮಾರಾಯ್ರೆ. ಅವನಿಗೆ ಬರುದಿಲ್ಲ ಅಂತ ನಾನು ಹೇಳಿದ್ದಲ್ಲ. ಅವನ ಲೆವೆಲ್ ಬೇರೆ ಅಂತ ಹೇಳಿದ್ದು."

"ಸ್ಕೂಲ್ನೋರೂ ಇದನ್ನೇ ಹೇಳಿದ್ರು. ಅವರು ಬೆಂಚಾದ್ರೂ ದೊಡ್ಡದು ಕೊಟ್ಟಿದ್ರು."

"ನೀವು ಸುಮ್ನೆ ತಲೆಬಿಸಿ ಮಾಡ್ತೀರಿ. ಉಳಿದ ಮಕ್ಕಳು ಮುಂದೆ ಹೋಗುದು ಬೇಡ್ವಾ? ಅವನೊಬ್ಬ ಓದಿ ಮುಗಿಸುವ ತನಕ ಎಲ್ರೂ ಕಾಯ್ಲಿಕ್ಕೆ ಆಗ್ತದಾ?"

"ಕಾಯ್ಬೇಕು ಅಂತಾನೇ ಅಲ್ವೇನ್ರೀ ನಾವು ಸೇರಿದ್ದು? ಕಾಯಕ್ಕಾಗಲ್ಲ ಅನ್ನೋರಿಗೆ ಈ ರೋಡಲ್ಲೇ ಇಷ್ಟೊಂದು ಸ್ಕೂಲ್ ಇದ್ದಾವೆ, ವ್ಯಾನು ಮನೆ ಬಾಗಿಲಿಗೇ ಬರುತ್ತೆ!"

ಆಕೆ ಚಾಪೆ ಹಾಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಸಿಟ್ಟು ಬಂದ್ರೆ ನಿಮ್ಮ ಮೈಸೂರು ಕನ್ನಡ ಲಾಯ್ಕ ಉಂಟು" ಎಂದು ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆಮೇಲೆ ಮೆಲ್ಲಗೆ, "ಇಂಗ್ಲಿಷ್ ಕ್ಲಾಸ್ ನಂದು. ನಾನು ನಡೆಸಿದ ಹಾಗೆ. ನಿಮ್ಗೆ ಸರಿ ಕಾಣುದಿಲ್ಲಾಂದ್ರೆ ಬಿಡ್ಬಹುದು. ಆದ್ರೆ ದೊಡ್ಡವಳ ಪರೀಕ್ಷೆ ಉಂಟಲ್ಲ, ಪಾಪ" ಎಂದರು.

ಆ 'ಪಾಪ'ವನ್ನು ಕೇಳಿದೊಡನೆ, ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದ ಒಳ್ಳೊಳ್ಳೆಯ ಮಾತುಗಳೆಲ್ಲ ಮರೆತುಹೋದವು. ಬಾಯಿಗೆ ಬಂದದ್ದನ್ನು ಹೇಳಿದೆ:

"ಸರಿ. ಇಂಗ್ಲಿಷ್ ನಿಮ್ಮದು, ನಿಮ್ಮ ಹತ್ರಾನೇ ಇಟ್ಕೊಳ್ಳಿ. ಅವನಿಗೆ ಓದು ನಾನೇ ಹೇಳ್ಕೊಡ್ತೀನಿ. ಅಡುಗೆಮನೆ ವಿಜ್ಞಾನ ನಂದು. ನಾನು ನಡೆಸಿದ ಹಾಗೆ. ಅದರಲ್ಲಿ ಅವನು ಅವನ ಸ್ನೇಹಿತರ ಜೊತೆ ಕೂರ್ತಾನೆ."

"ಸ್ವಂತ ಮಕ್ಕಳಿಗೆ ಹೇಳ್ಬಾರ್ದು ಅಂತ ನಿಯಮ ಉಂಟಲ್ಲ ಮಾರಾಯ್ರೆ."

"ಓದು ಬರುತ್ತೆ, ಬರಲ್ಲ ಅಂತ ಬೇರೆ ಕೂರಿಸಬಾರ್ದು ಅಂತಾನೂ ಇತ್ತು. ಒಂದು ನೀವು ಮುರಿದ್ರಿ, ಒಂದು ನಾನು ಮುರೀತೀನಿ."

ಅಷ್ಟರಲ್ಲಿ ಬೇರೆ ತಾಯಂದಿರು ಬರತೊಡಗಿದರು. ನನ್ನ ಮುಖ ನೋಡಿ ಒಬ್ಬೊಬ್ಬರಾಗಿ ಮೇಲಕ್ಕೆ ಹತ್ತಿದರು.

ಆ ದಿನ ನನ್ನ ಪಾಠಕ್ಕೆ ಅವನು ಬಂದು ಬಾಗಿಲಲ್ಲೇ ನಿಂತ. ಚಾಪೆಯ ಮೇಲಿದ್ದ ಹುಡುಗನೊಬ್ಬ ಪಕ್ಕಕ್ಕೆ ಸರಿದು, "ಡೇ, ಇಂಗ ವಾಡಾ" ಎಂದು ಕರೆದ. ಹೋಗಿ ಕೂತ. ಆಮೇಲೆ ಪಾಠ ಮುಗಿಯುವ ತನಕ ಮಾತಾಡಿದ. ನಾನು ಹಿಟ್ಟು ಯಾಕೆ ಉಬ್ಬುತ್ತದೆ ಎಂದು ಕೇಳಿದರೆ ಉಳಿದವರು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದ, ಹೇಳಿ, "ಇದ್ನೆಲ್ಲಾ ಮನೇಲಿ ಎಷ್ಟು ಸಲ ಹೇಳಿದೀಯಮ್ಮಾ" ಎಂದು ಆಕಳಿಸುತ್ತಿದ್ದ. ಹುಡುಗರು ಬಿದ್ದು ಬಿದ್ದು ನಕ್ಕರು. ನನ್ನ ಪಾಠ ಅರ್ಧಕ್ಕೆ ನಿಂತಿತು. ನಿಯಮ ಮಾಡಿದವರು ದಡ್ಡರೇನಲ್ಲ.

ಹೀಗೇ ನಡೆಯಿತು. ಮಂಗಳವಾರ, ಶುಕ್ರವಾರ ದೊಡ್ಡವಳು ಲೋಟದಲ್ಲಿ ಆಮ್ಲ ಕಲಕುತ್ತಿದ್ದಳು, ಚಿಕ್ಕವಳು ಆಕೆಯ ಇಂಗ್ಲಿಷಿಗೆ ಕೂರುತ್ತಿದ್ದಳು, ಅವನು ನನ್ನ ಪಾಠದಲ್ಲಿ ಗಲಾಟೆ ಮಾಡಿ, ಉಳಿದ ಹೊತ್ತು ಹಜಾರದ ಮೂಲೆಯಲ್ಲಿ ನನ್ನ ಪಕ್ಕ ಕೂತು ಒಂದೊಂದೇ ಸಾಲು ಓದುತ್ತಿದ್ದ. ನಿಧಾನ. ಬಹಳ ನಿಧಾನ. ಆಕೆ ಪಕ್ಕದಲ್ಲೇ ಹಾದುಹೋಗುವಾಗ ಅವನು ದನಿ ತಗ್ಗಿಸುತ್ತಿದ್ದ. ನಾನು ಏರಿಸುತ್ತಿದ್ದೆ. ಆಕೆ "ಲಾಯ್ಕ, ಲಾಯ್ಕ" ಎನ್ನುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಅದೇ ಉರಿಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕಾಯಿ ಜಾಸ್ತಿ ಎಂದು ನನ್ನವರು ಇವತ್ತಿಗೂ ಹೇಳುತ್ತಾರೆ.

ದೊಡ್ಡವಳ ಪರೀಕ್ಷೆ ಮುಗಿಯಿತು. ಅವಳು ಕೊನೆಯ ಉತ್ತರಪತ್ರಿಕೆ ಕೊಟ್ಟು ಬಂದ ಸಂಜೆ ನಾನು ಎಲ್ಲರನ್ನೂ ಕೂರಿಸಿ ಹೇಳಿದೆ: ಇನ್ನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಈಗಲೇ ಫೋನ್ ಮಾಡಿ ಹೇಳುತ್ತೇನೆ. ಆಕೆಗೆ ಹೇಳಬೇಕಾದ ಮಾತು ಈ ಸಲ ಒಂದೂ ಮರೆತಿರಲಿಲ್ಲ.

"ನಾನು ಬಿಡಲ್ಲ" ಎಂದ ನಡುವಿನವನು.

"ಏನು?"

"ನನ್ ಫ್ರೆಂಡ್ಸೆಲ್ಲ ಅಲ್ಲೇ ಇದಾರೆ. ನಿಂಗೆ ಆಂಟಿ ಮೇಲೆ ಕೋಪ. ನಂಗಿಲ್ಲ."

"ಅವರು ನಿನ್ನನ್ನ ಚಿಕ್ಕ ಬೆಂಚಲ್ಲಿ ಕೂರ್ಸಿದ್ರು ಕಣೋ!"

"ಅದು ಆವಾಗ" ಎಂದ. ಎಂದು ನನ್ನನ್ನೇ ನೋಡಿದ, ಇಷ್ಟು ದೊಡ್ಡವಳಾಗಿ ಇನ್ನೂ ಅಲ್ಲೇ ಇದ್ದಾಳಲ್ಲ ಎಂಬಂತೆ.

ನನ್ನವರು ಪೇಪರ್ ಅಡ್ಡ ಹಿಡಿದುಕೊಂಡರು, ನಗುವುದು ಕಾಣದಿರಲಿ ಎಂದು. ಫೋನಿನ ಮೇಲೆ ನನ್ನ ಕೈ ಹಾಗೇ ಇತ್ತು. ಅವನು ಹೇಳಿದ್ದು ನ್ಯಾಯವಾಗಿತ್ತು, ನನ್ನ ಸಿಟ್ಟೂ ನ್ಯಾಯವಾಗಿತ್ತು, ಆದರೆ ಅಲ್ಲಿ ಕೂರಬೇಕಾದವನು ಅವನು. ಪಾಠ ಹೇಳದ ಮನೆಯ ಮಕ್ಕಳಿಗೆ ಜಾಗವಿಲ್ಲ. ಆದ್ದರಿಂದ ಮುಂದಿನ ಮಂಗಳವಾರ ಮತ್ತೆ ಹೋದೆ. ಆಕೆ "ಬನ್ನಿ ಬನ್ನಿ" ಎಂದರು. ನಾನು ಹಲ್ಲು ಕಚ್ಚಿಕೊಂಡೇ ನಕ್ಕೆ. ಹೀಗೆ ಇನ್ನೂ ಎರಡು ವರ್ಷ ನಕ್ಕೆ.