ಉಲ್ಟಾ ಮಿಸ್

ಕನ್ನಡಿ ವ್ಯಾಪಾರಕ್ಕೆ ಕೂತ ಮೇಲೆ ನಾನು ಕಲಿತ ಮೊದಲ ಪಾಠ ಇದು: ಕನ್ನಡಿ ಬೇಡ ಅನ್ನುವವರು ಲೋಕದಲ್ಲಿಲ್ಲ, ಸದ್ಯಕ್ಕೆ ಬೇಡ ಅನ್ನುವವರಿದ್ದಾರೆ, ಅಷ್ಟೇ. ಮೂವತ್ತು ವರ್ಷದಲ್ಲಿ ಈ ಪಾಠವನ್ನು ಸುಳ್ಳು ಮಾಡಿದವಳು ಒಬ್ಬಳೇ. ನಮ್ಮ ಎದುರು ಸಾಲಿನ ಇಸ್ತ್ರಿ ಅಂಗಡಿಯವನ ತಂಗಿ.

ಅವಳ ವಿಷಯ ಹೇಳಬೇಕಾದರೆ ಮೊದಲು ಎರಡು ಕಿಟಕಿಗಳ ವಿಷಯ ಹೇಳಬೇಕು. ಇಸ್ತ್ರಿ ಅಂಗಡಿಯ ಮಹಡಿಯಲ್ಲೊಂದು ಕಿಟಕಿ, ಅದರ ಒಳಗೆ ಇಸ್ತ್ರಿ ಮೇಜು. ಬೀದಿಯ ಈಚೆ, ನನ್ನ ಅಂಗಡಿಯ ನೆತ್ತಿಯ ಮೇಲೆ, ನಾಟ್ಯ ಕಲಿಸುವ ಹಾಲು. ಅದಕ್ಕೂ ಒಂದು ಕಿಟಕಿ. ನಡುವಿನ ಬೀದಿ ಎಷ್ಟು ಸಣ್ಣದೆಂದರೆ ಎರಡು ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು, ಯಾವುದು ಅನ್ನುವುದಕ್ಕೆ ಹತ್ತು ನಿಮಿಷ ಮಾತಾಗಬೇಕು.

ಹುಡುಗಿ ಹದಿನಾರನೇ ವಯಸ್ಸಿಗೆ ಆ ಮೇಜಿನ ಮುಂದೆ ನಿಂತಳು. ತಾಯಿ ತೀರಿಕೊಂಡಿದ್ದರು, ಅತ್ತಿಗೆ ಬಾಣಂತಿ. ಅಣ್ಣ, "ಒಂದು ತಿಂಗಳು ಕೈ ಜೋಡಿಸಮ್ಮ, ಆಮೇಲೆ ನೋಡೋಣ," ಅಂದ. ಆ ಒಂದು ತಿಂಗಳಿಗೆ ಈಗ ಹದಿನಾಲ್ಕು ವರ್ಷ. ಮಲಗುವುದೂ ಅಲ್ಲೇ, ಬಟ್ಟೆಗಂಟುಗಳ ಪಕ್ಕ, ಮಡಚುವ ಮಂಚದ ಮೇಲೆ. ಅಣ್ಣ ಕೆಟ್ಟವನಲ್ಲ. ಗಿರಾಕಿಗಳ ಮುಂದೆ, "ನನ್ನ ತಂಗಿ ಹಾಕಿದ ಗೆರೆ ಮೇಲೆ ಇರುವೆ ನಡೆದರೆ ಕಾಲು ಕುಯ್ದುಕೊಳ್ಳುತ್ತೆ," ಎಂದು ಹೊಗಳುತ್ತಾನೆ. ಹಾಗೆ ಹೊಗಳಿ ಹೊಗಳಿಯೇ ಅವಳನ್ನು ಮೇಜಿಗೆ ಕಟ್ಟಿಹಾಕಿದ. ಬೈದಿದ್ದರೆ ಎಂದೋ ಬಿಟ್ಟುಹೋಗುತ್ತಿದ್ದಳು.

ಸಂಜೆ ನಾಲ್ಕರಿಂದ ಆರರ ತನಕ ಎದುರು ಹಾಲಿನಲ್ಲಿ ಪಾಠ. ಅಲ್ಲಿ ಕಲಿಸುವವರನ್ನು ಎಲ್ಲರೂ ದೊಡ್ಡ ಮಿಸ್ ಅನ್ನುತ್ತಾರೆ. ಅವರು ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಹಾಗಾಗಿ ಇವಳಿಗೆ ಕಾಣುತ್ತಿದ್ದದ್ದು ಮಿಸ್‌ನ ತುರುಬು ಮತ್ತು ಮಕ್ಕಳ ಮುಖ. ಹಬೆಯ ಸದ್ದಿನಲ್ಲಿ ಮಾತೊಂದೂ ಕೇಳುತ್ತಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ಕಂಡದ್ದನ್ನು ಕಂಡ ಹಾಗೆ ಮಾಡಿದಳು. ಎದುರಿನ ಮಕ್ಕಳು ಬಲಗೈ ಎತ್ತಿದರೆ ಅದು ಇವಳ ಎಡಗಡೆಗೆ ಕಾಣುತ್ತಿತ್ತು; ಇವಳೂ ಎಡಗೈ ಎತ್ತಿದಳು. ತಪ್ಪು ಅನ್ನಲು ಪಕ್ಕದಲ್ಲಿ ಯಾರೂ ಇಲ್ಲ, ಒಂದಷ್ಟು ಪ್ಯಾಂಟು ಬಿಟ್ಟರೆ. ಹೀಗೆ ಹನ್ನೆರಡು ವರ್ಷ.

ನಡುವೆ ನಿಂತು ನಿಂತು ಸೊಂಟ ಹಿಡಿಯಿತು. ಡಾಕ್ಟರು ಹಿಂದಿನ ಬೀದಿಯ ನರ್ಸಮ್ಮನ ಹತ್ತಿರ ಯೋಗಕ್ಕೆ ಕಳಿಸಿದರು. ಆರು ತಿಂಗಳಲ್ಲಿ ಸೊಂಟ ನೆಟ್ಟಗಾಯಿತು, ಒಂದು ವರ್ಷದಲ್ಲಿ ನರ್ಸಮ್ಮ ಮಗಳ ಊರಿಗೆ ಹೊರಟರು. "ನನ್ನ ಮುದುಕಿಯರನ್ನ ನಿನಗೆ ಬಿಟ್ಟಿದೀನಿ, ಯಾರನ್ನೂ ಮುರೀಬೇಡ," ಅಂದರು. ಅಂದಿನಿಂದ ಬೆಳಿಗ್ಗೆ ಆರಕ್ಕೆ ಅವರ ಮುಂದಿನ ಕೋಣೆಯಲ್ಲಿ ಇವಳ ಪಾಠ. ಆ ಮುದುಕಿಯರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಈ ಪದ ನಾನು ಬಳಸಿದ್ದು ಅವಳಿಗೆ ತಿಳಿಯಬಾರದು. ಯೋಗವೆಂದರೆ ಎಡಕ್ಕೆ ಮಾಡಿದ್ದನ್ನೇ ಬಲಕ್ಕೂ ಮಾಡುವ ವಿದ್ಯೆ. ಆದ್ದರಿಂದ ಹುಡುಗಿಯ ಗುಟ್ಟು ಅಲ್ಲೂ ಬಯಲಾಗಲಿಲ್ಲ.

ಬಯಲಾದದ್ದು ಎರಡು ವರ್ಷದ ಕೆಳಗೆ, ದೊಡ್ಡ ಮಿಸ್ ನಮ್ಮ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡು ಕುರ್ಚಿ ಹಿಡಿದಾಗ. ಕುರ್ಚಿಯಲ್ಲಿ ಕೂತವರು ಹಿಂದಿರುಗಿ ನೋಡಿದರೆ ಎದುರು ಕಿಟಕಿಯಲ್ಲಿ ಯಾರೋ ಕುಣಿಯುತ್ತಿದ್ದಾರೆ. ಹೇಳಿ ಕಳಿಸಿದರು.

"ಎಷ್ಟು ದಿನದಿಂದ ಕದೀತಿದೀಯ?"

"ಹನ್ನೆರಡು ವರ್ಷ, ಮಿಸ್."

"ಮಾಡಿ ತೋರಿಸು."

ಮಾಡಿದಳು. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕವು. ದೊಡ್ಡ ಮಿಸ್ ಕೊನೆಯ ತನಕ ನೋಡಿ, "ಎಲ್ಲಾ ಸರಿ ಇದೆ. ಎಲ್ಲಾ ಉಲ್ಟಾ ಇದೆ. ನಾಳೆಯಿಂದ ಕಲಿಸೋಕೆ ಬಾ," ಅಂದರು.

ಯಾಕೆಂದರೆ ಎದುರು ನಿಂತು ಕಲಿಸುವವರು ಬಾಯಲ್ಲಿ ಬಲ ಅನ್ನುತ್ತ ಎಡಗೈ ಎತ್ತಬೇಕು, ಆಗಲೇ ಮಕ್ಕಳಿಗೆ ಸರಿಯಾಗಿ ಕಾಣುವುದು. ದೊಡ್ಡ ಮಿಸ್‌ಗೆ ಅದು ಮೈಗೂಡಲು ವರ್ಷಗಳೇ ಹಿಡಿದಿದ್ದವು. ಇವಳಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ನಾಟ್ಯ ಕಲಿಯದೆ ನೇರವಾಗಿ ಕಲಿಸುವುದನ್ನು ಕಲಿತವಳು. ಮಕ್ಕಳು ಒಂದೇ ವಾರದಲ್ಲಿ ಉಲ್ಟಾ ಮಿಸ್ ಎಂದು ಹೆಸರಿಟ್ಟವು.

ನಾನು ಸಮಯ ನೋಡಿ ಹೋಗಿ, "ಈ ಗೋಡೆ ತುಂಬ ಒಂದು ಕನ್ನಡಿ ಹಾಕಿಸಮ್ಮ," ಅಂದೆ.

"ನಾನೇ ಇದೀನಲ್ಲ ಅಂಕಲ್," ಅಂದಳು.

ಅಣ್ಣನೂ ಅಡ್ಡಿ ಮಾಡಲಿಲ್ಲ. "ಎರಡು ಗಂಟೆ ತಾನೆ, ಹೋಗ್ಲಿ. ಇಲ್ಲಿಂದಲೇ ಕಾಣುತ್ತಲ್ಲ," ಅಂದ. ಆ ಎರಡು ಗಂಟೆ ಅವನೇ ಕಿಟಕಿಯ ಮೇಜಿಗೆ ನಿಂತ. ಆರು ಹೊಡೆದ ಮೇಲೆ ಇವಳು ಯಾರ ಜೊತೆಗಾದರೂ ಮಾತಿಗೆ ಕೂತರೆ, ಇಸ್ತ್ರಿ ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಗೆ ಎರಡು ಸಲ ತಟ್ಟುತ್ತಿದ್ದ. ಟಕ್ ಟಕ್. ಅದು ನನ್ನ ಅಂಗಡಿಗೂ ಕೇಳುತ್ತಿತ್ತು. ಹುಡುಗಿ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಬಂದಿದ್ದಳು, ಅಷ್ಟೇ.

ಕಳೆದ ವರ್ಷ ದೂರದ ವಸತಿಶಾಲೆಯೊಂದು ಯೋಗ, ನಾಟ್ಯ ಎರಡೂ ಕಲಿಸುವವರು ಬೇಕೆಂದು ಪತ್ರಿಕೆಯಲ್ಲಿ ಹಾಕಿತು. ಯೋಗಕ್ಕೆ ನರ್ಸಮ್ಮನ ಪತ್ರ ಸಾಕಂತೆ, ನಾಟ್ಯಕ್ಕೆ ಪರೀಕ್ಷೆ ಪಾಸಾದ ಸರ್ಟಿಫಿಕೇಟೇ ಬೇಕಂತೆ. ಪತ್ರಿಕೆಯ ತುಂಡನ್ನು ತಂದು ನನ್ನ ಮುಂದಿಟ್ಟಳು.

"ಇರೋದಕ್ಕೆ ರೂಮ್ ಕೊಡ್ತಾರಂತೆ ಅಂಕಲ್. ಫೋನ್ ಮಾಡಿ ಕೇಳಿದೆ. ಒಳಗಿನಿಂದ ಚಿಲಕ ಇದೆಯಂತೆ."

"ಚಿಲಕ ಎಲ್ಲಾ ರೂಮಿಗೂ ಇರುತ್ತಲ್ಲಮ್ಮ."

"ನನ್ನ ರೂಮಿಗೆ ಬಾಗಿಲೇ ಇಲ್ಲ."

ಇಷ್ಟು ವರ್ಷ ಎದುರಿಗೇ ಕೂತಿದ್ದರೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಪರೀಕ್ಷೆಗೆ ಮೂರು ತಿಂಗಳಿತ್ತು. ಅಲ್ಲಿ ನಾಲ್ಕು ಜನ ಒಂದೇ ಸಾಲಿನಲ್ಲಿ ನಿಂತು ಕುಣಿಯಬೇಕು. ಮೂವರು ಬಲಕ್ಕೆ ಹೋದಾಗ ಇವಳೊಬ್ಬಳು ಎಡಕ್ಕೆ ಹೋದರೆ ಕಥೆ ಮುಗಿಯಿತು. ಇಡೀ ಮೈಯನ್ನೇ ಹೊರಳಿಸಿ ಕಲಿಯಬೇಕಿತ್ತು, ಅದೂ ಅಣ್ಣನಿಗೆ ಕಾಣದ ಜಾಗದಲ್ಲಿ. ಅಂಗಡಿಯ ಹಿಂದಿರುವ ನನ್ನ ಗೋಡೌನಿಗೆ ಕಿಟಕಿಯಿಲ್ಲ. ಮಧ್ಯಾಹ್ನ ಅಣ್ಣ ಊಟ ಮಾಡಿ ಒರಗಿದಾಗ, ನಮ್ಮ ಮನೆಯ ಬಟ್ಟೆ ಕೊಡುವ ನೆಪದಲ್ಲಿ ಬರುತ್ತಿದ್ದಳು. ನನ್ನ ಹೆಂಡತಿ ಕಾವಲಿಗೆ ಕೂತು ಸ್ವೆಟರ್ ಹೆಣೆಯುತ್ತಿದ್ದಳು.

ಒಂದು ದಿನ ಅಣ್ಣ ಕೇಳಿಯೇಬಿಟ್ಟ. "ಯಜಮಾನ್ರೇ, ಇರೋದು ಇಬ್ಬರು. ದಿನಾ ಇಷ್ಟೊಂದು ಬಟ್ಟೆ ಎಲ್ಲಿಂದ ಬರುತ್ತೆ?"

"ನಮ್ಮವಳು ಈಗ ಕರವಸ್ತ್ರಕ್ಕೂ ಇಸ್ತ್ರಿ ಬೇಕು ಅಂತಾಳಪ್ಪ. ವಯಸ್ಸಾಯ್ತು," ಅಂದೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಮೊದಲು ಅವಳನ್ನು ಆಳೆತ್ತರದ ಒಂದು ಕನ್ನಡಿಯ ಮುಂದೆ ನಿಲ್ಲಿಸಿದೆ. ಕೆಲಸ ಕೆಟ್ಟಿತು. ಕನ್ನಡಿಯಲ್ಲಿ ಅವಳ ಉಲ್ಟಾ ಕುಣಿತ, ಹನ್ನೆರಡು ವರ್ಷ ಎದುರು ಕಿಟಕಿಯಲ್ಲಿ ಕಂಡ ಮಕ್ಕಳ ಕುಣಿತದ ಹಾಗೆಯೇ ಕಾಣುತ್ತಿತ್ತು. "ಸರಿಯಾಗೇ ಇದೆಯಲ್ಲ ಅಂಕಲ್," ಅಂದಳು. ತಪ್ಪನ್ನು ಸರಿಯೆಂದು ತೋರಿಸುವ ಸರಕನ್ನು ಮೂವತ್ತು ವರ್ಷ ಮಾರಿದ್ದೇನೆಂದು ನನಗೂ ಅಂದೇ ಗೊತ್ತಾದದ್ದು.

ಆಮೇಲೆ ನಮ್ಮ ಕಸುಬಿನ ಒಂದು ಆಟ ನೆನಪಾಯಿತು. ಎರಡು ಕನ್ನಡಿಗಳನ್ನು ಕೋಣೆಯ ಮೂಲೆಯ ಹಾಗೆ ಅಂಚಿಗೆ ಅಂಚು ಕೂಡಿಸಿ ನಿಲ್ಲಿಸಿ, ಆ ಮೂಲೆಯೊಳಗೆ ನೋಡಿಕೊಳ್ಳಬೇಕು. ನೀವು ಬಲಗೈ ಎತ್ತಿದರೆ ಒಳಗಿನವರೂ ಬಲಗೈಯನ್ನೇ ಎತ್ತುತ್ತಾರೆ, ಎದುರು ನಿಂತ ಬೇರೆ ಮನುಷ್ಯರ ಹಾಗೆ. ಹಾಗೆ ನಿಲ್ಲಿಸಿದೆ. ಅವಳು ಎಡಗೈ ಎತ್ತಿದಳು, ಒಳಗಿನವಳು ಆಚೆ ಕಡೆಯ ಕೈ ಎತ್ತಿದಳು. ಹುಡುಗಿ ಬೆಚ್ಚಿ ಹಿಂದಕ್ಕೆ ಸರಿದಳು. ಕಿಟಕಿಯಲ್ಲಿ ಕಂಡ ಹಾಗೆ ಕಾಣಬೇಕಾದರೆ ಈಗ ಬಲಗೈಯನ್ನೇ ಎತ್ತಬೇಕಿತ್ತು.

ಮೂರು ತಿಂಗಳು ಆ ಮೂಲೆಯಲ್ಲಿ ಕಳೆದಳು. ಎರಡು ಗಾಜುಗಳ ನಡುವೆ ನಾಲ್ಕು ಹೆಜ್ಜೆ ಜಾಗ, ಮುಖದ ಮಧ್ಯೆ ಸೀಳಿದ ಹಾಗೆ ಕೂಡುಗೆರೆ. ಮೇಲಿನ ಹಾಲಿನಲ್ಲಿ ಉಲ್ಟಾ, ಕೆಳಗೆ ಗೋಡೌನಿನಲ್ಲಿ ಸರಿ. ಕೊನೆಯ ವಾರ ಒಂದು ಹೆಜ್ಜೆಯೂ ತಪ್ಪಲಿಲ್ಲ.

ಪರೀಕ್ಷೆಯ ದಿನ ಅಣ್ಣನಿಗೆ, ನನ್ನ ಹೆಂಡತಿಯ ಜೊತೆ ಆಸ್ಪತ್ರೆಗೆ ಎಂದು ಹೇಳಿ ಹೊರಟೆವು. ಹೆಂಡತಿ ದಾರಿಯುದ್ದಕ್ಕೂ ಅಭ್ಯಾಸಕ್ಕೆಂದು ಕೆಮ್ಮಿದಳು. ನಾನು ಚೀಲ ಹಿಡಿದುಕೊಂಡು ಪರೀಕ್ಷೆಯ ಹಾಲಿನ ಬಾಗಿಲಲ್ಲಿ ನಿಂತೆ. ಮೂವರು ಪರೀಕ್ಷಕರು ಮೇಜಿನ ಹಿಂದೆ ಕೂತಿದ್ದರು. ಅವರ ಬೆನ್ನ ಹಿಂದೆ ಗೋಡೆ ತುಂಬ ಕನ್ನಡಿ. ಕೆಳಗಿನ ಮೂಲೆಯಲ್ಲಿ ನಮ್ಮ ಅಂಗಡಿಯ ಚೀಟಿ.

ಎಂಟು ವರ್ಷದ ಕೆಳಗೆ ನಾನೇ ನಿಂತು ಕೂರಿಸಿದ್ದು. ಬೇಡ ಬೇಡ ಅನ್ನುತ್ತಿದ್ದ ಮುಖ್ಯಸ್ಥರನ್ನು ಮಾತಾಡಿಸಿ, ಒಪ್ಪಿಸಿ ಮಾರಿದ್ದು. ಮೂರು ತಿಂಗಳಲ್ಲಿ ಒಂದು ಸಲವೂ ನೆನಪಿಗೆ ಬರಲಿಲ್ಲ.

ಬಾಗಿಲಲ್ಲಿದ್ದ ಜವಾನನಿಗೆ, "ಒಂದು ಬೆಡ್‌ಶೀಟ್ ಸಿಗುತ್ತಾ ಸ್ವಾಮಿ?" ಅಂದೆ.

"ಮಲಗೋಕಾ?" ಅಂದ.

ಅಷ್ಟರಲ್ಲಿ ತಾಳ ಶುರುವಾಯಿತು. ಸಾಲಿನಲ್ಲಿ ಅವಳು ಮೂರನೆಯವಳು. ತಲೆ ತಗ್ಗಿಸಿಕೊಂಡೇ ಕುಣಿದಳು, ಎಲ್ಲ ಸರಿ. ಮುದುಕ ಪರೀಕ್ಷಕರೊಬ್ಬರು ತಲೆದೂಗಿದರು. ಆಮೇಲೆ ಕಣ್ಣೆತ್ತಿ ನೋಡುವ ಒಂದು ಜಾಗ ಬಂತು, ಎತ್ತಲೇಬೇಕು. ಎತ್ತಿದಳು. ಗೋಡೆಯಲ್ಲಿ ನಾಲ್ವರು ಕಂಡರು, ನಾಲ್ವರೂ ಅವಳ ಪಾಲಿಗೆ ತಿರುಗುಮುರುಗು. ಗಾಬರಿಯಾಗಿ ತನ್ನನ್ನು ತಾನು ಸರಿಪಡಿಸಿಕೊಂಡಳು. ಅವಳ ಮೊಣಕೈ ಪಕ್ಕದವಳ ಕಿವಿಗೆ ಬಡಿಯಿತು.

"ಮುಂದಿನ ವರ್ಷ ಬನ್ನಿ," ಅಂದರು. ಮರ್ಯಾದೆಯಾಗಿಯೇ ಅಂದರು.

ಬಸ್ಸಿನಲ್ಲಿ ಅವಳೇ ಮಾತು ತೆಗೆದಳು. "ಕನ್ನಡಿ ನೋಡಿದ ತಕ್ಷಣ, ಮಾಡ್ತಿರೋದು ತಪ್ಪು ಅನ್ನಿಸ್ತು ಅಂಕಲ್."

"ಆ ಕನ್ನಡಿ ನಮ್ಮಂಗಡೀದು, ಎಂಟು ವರ್ಷದ ಕೆಳಗೆ ಕೂರಿಸಿದ್ದು," ಅಂದೆ. ಹೇಳದೆ ಇರಬಹುದಿತ್ತು.

ಅವಳು ನನ್ನ ಕಡೆ ತಿರುಗಿ ನೋಡಿ, "ಒಳ್ಳೇ ಮಾಲು. ಎಂಟು ವರ್ಷ ಆದ್ರೂ ಒಂದು ಚುಕ್ಕೆ ಬಿದ್ದಿಲ್ಲ," ಅಂದಳು.

ಆ ರೂಮಿಗೆ ಬೇರೆ ಯಾರೋ ಹೋದರು.

ಅಣ್ಣನಿಗೆ ವಿಷಯ ಹೇಗೋ ತಿಳಿಯಿತು. ಅವನು ಕೂಗಾಡಲಿಲ್ಲ. ಮರುದಿನ ಇಸ್ತ್ರಿ ಮೇಜಿನ ಮೇಲೆ ಹೊಸ ಫ್ಯಾನ್ ಹಾಕಿಸಿದ. "ಪಾಪ, ಸೆಕೆ. ನನಗೆ ಹೊಳೀಲೇ ಇಲ್ಲ ನೋಡಿ," ಎಂದು ನನ್ನ ಹತ್ತಿರ ಬಂದು ಹೇಳಿದ. ಜಗಳವಾಡಿದ್ದರೆ ಹುಡುಗಿ ಒಂದು ಮಾತಾದರೂ ಆಡಬಹುದಿತ್ತು. ತಲೆಯ ಮೇಲೆ ತಿರುಗುವ ಫ್ಯಾನಿಗೆ ಏನು ಹೇಳುವುದು?

ಗೋಡೌನಿಗೆ ಬರುವುದನ್ನು ಬಿಟ್ಟಳು. ಬೆಳಿಗ್ಗೆ ಮುದುಕಿಯರು, ಸಂಜೆ ಮಕ್ಕಳು, ಆರಕ್ಕೆ ಟಕ್ ಟಕ್. ಮೂಲೆಯ ಎರಡು ಕನ್ನಡಿಗಳನ್ನು ನಾನಿನ್ನೂ ಬಿಡಿಸಿಲ್ಲ, ಕೇಳಿದ ಗಿರಾಕಿಗೂ ಕೊಟ್ಟಿಲ್ಲ.

ಕಳೆದ ತಿಂಗಳು ಮೇಜಿನ ದಿಕ್ಕು ಬದಲಾಗಿತ್ತು. ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಅಣ್ಣನಿಗೆ ಹೇಳಿ ತಿರುಗಿಸಿಕೊಂಡಳಂತೆ. ಈಗ ಅವಳು ಕಿಟಕಿಗೆ ಬೆನ್ನು ಹಾಕಿ ಬರಿಗೋಡೆ ನೋಡುತ್ತ ಇಸ್ತ್ರಿ ಮಾಡುತ್ತಾಳೆ. ನನ್ನ ಅಂಗಡಿಯಿಂದ ಕಾಣುವುದು ಜಡೆ, ಮೇಲೆ ಫ್ಯಾನು.

ಮೊನ್ನೆ ಬಂದ ಅಂಗಿಯ ಮಡಿಕೆ ವಿಚಿತ್ರವಾಗಿತ್ತು. ತೋಳುಗಳು ತಿರುಗುಮುರುಗಾಗಿ ಮಡಚಿದ್ದವು, ಇರುವೆಯ ಕಾಲು ಕುಯ್ಯುವ ಆ ಗೆರೆ ಹಾವಿನ ಹಾಗೆ ಹರಿದಿತ್ತು. ಬಾಗಿಲಿಗೆ ಬಂದು ನೋಡಿದೆ. ಇಸ್ತ್ರಿ ಪೆಟ್ಟಿಗೆ ಅವಳ ಎಡಗೈಯಲ್ಲಿತ್ತು. ಬಲಗೈ ಮೇಜಿನಾಚೆ, ಗೋಡೆಯ ಮುಂದೆ, ಮೆಲ್ಲಗೆ ಏಳುತ್ತಿತ್ತು. ನೋಡಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಪರೀಕ್ಷೆಗೆ ಇನ್ನು ಏಳು ತಿಂಗಳಿದೆ.

"ಏನ್ರೀ ಇದು, ಅಂಗಿ ಹಿಂಗೆ ಕೆಡಿಸಿದಾಳೆ. ವಾಪಸ್ ಕಳಿಸ್ಲಾ?" ಅಂದಳು ಹೆಂಡತಿ.

"ಸುಮ್ಮನಿರು," ಎಂದು ಅದನ್ನೇ ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತೆ.