ಟ್ಯಾನ್ ಗ್ರಾಫಿನ ಖಾಲಿ ಜಾಗ

ದೊಡ್ಡಬಳ್ಳಾಪುರದ ಒಂದು ಡಿಗ್ರಿ ಕಾಲೇಜಿಗೆ ಗಣಿತದ ಪ್ರಾಕ್ಟಿಕಲ್ ಪರೀಕ್ಷಕನಾಗಿ ಹೋಗಿದ್ದೆ. ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ತ್ರಿಕೋನಮಿತಿಯ ಟ್ಯಾನ್ ಗ್ರಾಫ್ ಬರೆಸಬೇಕಿತ್ತು. ಎಲ್ಲರ ಪರದೆಯಲ್ಲೂ ತೊಂಬತ್ತು ಡಿಗ್ರಿಯ ಹತ್ತಿರ ಮೇಲಿಂದ ಕೆಳಗಿನವರೆಗೆ ನೆಟ್ಟಗೆ ಒಂದು ಗೆರೆ. ಒಬ್ಬ ಹುಡುಗಿಯ ಪರದೆಯಲ್ಲಿ ಮಾತ್ರ ಆ ಜಾಗ ಖಾಲಿಯಿತ್ತು.

"ಇಲ್ಲಿ ಗೆರೆ ಎಲ್ಲಮ್ಮಾ?"

"ಅಲ್ಲಿ ಟ್ಯಾನ್‌ಗೆ ಬೆಲೆನೇ ಇಲ್ವಲ್ಲ ಸಾರ್. ಅದಕ್ಕೇ ಅಷ್ಟು ಬಿಟ್ಟು ಬರಿ ಅಂತ ಪ್ರೋಗ್ರಾಮ್‌ನಲ್ಲಿ ಒಂದು ಸಾಲು ಕೊಟ್ಟಿದೀನಿ."

"ಲ್ಯಾಬ್ ಪುಸ್ತಕದಲ್ಲಿ, ಮ್ಯಾನ್ಯುಯಲ್‌ನಲ್ಲಿ, ಗೆರೆ ಇದೆ."

"ಅದು ಕಂಪ್ಯೂಟರ್ ಸುಮ್ನೆ ಆಚೆ ಈಚೆಯ ಎರಡು ತುದಿ ಸೇರಿಸಿರೋದು ಸಾರ್," ಅಂದಳು ಮೆಲ್ಲಗೆ.

ಇನ್ನೂ ಹತ್ತಾರು ಜನ ಕಾಯುತ್ತಿದ್ದರು. "ನಂಗೇ ಪಾಠ ಹೇಳ್ಬೇಡ. ಮ್ಯಾನ್ಯುಯಲ್‌ನಲ್ಲಿರೋ ಹಾಗೆ ಮಾಡು," ಎಂದು ಗದರಿದೆ. ಅವಳು ತಾನು ಬರೆದ ಸಾಲನ್ನು ಅಳಿಸಿದಳು. ಇಲ್ಲದ ಗೆರೆ ಪರದೆಯ ಮೇಲೆ ಬಂತು. ಪೂರ್ತಿ ಅಂಕ ಕೊಟ್ಟೆ. ಅವಳು ತಲೆ ಎತ್ತಿ ನೋಡಲೂ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಮಾತು ಮತ್ತೆ ನೆನಪಾಯಿತು. ಟ್ಯಾನ್ ತೊಂಬತ್ತಕ್ಕೆ ಬೆಲೆಯಿಲ್ಲ ಎಂದು ವರ್ಷವರ್ಷವೂ ತರಗತಿಯಲ್ಲಿ ಹೇಳುವವನು ನಾನೇ. ಸರಿಯಾಗಿ ಮಾಡಿದವಳ ಕೈಯಿಂದಲೇ ತಪ್ಪು ಮಾಡಿಸಿ ಬಂದಿದ್ದೆ.

ಮರುದಿನ ಆ ಕಾಲೇಜಿನ ಮೇಷ್ಟರಿಗೆ ಫೋನ್ ಮಾಡಿ, "ಆ ಹುಡುಗಿ ಹೇಳಿದ್ದೇ ಸರಿ, ತಪ್ಪು ನನ್ನದು ಅಂತ ಅವಳಿಗೆ ದಯವಿಟ್ಟು ತಿಳಿಸಿ," ಅಂದೆ.

ಅವರು ನಕ್ಕರು. "ಫುಲ್ ಮಾರ್ಕ್ಸ್ ಕೊಟ್ಟಿದೀರಲ್ಲ ಸಾರ್. ಇನ್ನೇನಂತೆ ಅವಳಿಗೆ?"