ಮಾತೃಭಾಷೆಯ ಕಾಲಂ

ಕಳೆದ ತಿಂಗಳು ಕೊಲ್ಲಿ ದೇಶದ ಜುಮೇರಾ ಲೇಕ್ ಟವರ್ಸಿನ ನಮ್ಮ ತರಬೇತಿ ಕೇಂದ್ರದಲ್ಲಿ ಗಂಭೀರ ಬಿಕ್ಕಟ್ಟು ತಲೆದೋರಿತು. ಇಂಗ್ಲಿಷ್ ಕಲಿಸಲು ಅರ್ಜಿ ಹಾಕಿದ್ದ ಕೆನಡಾದ ಮೂಲನಿವಾಸಿಯೊಬ್ಬರು ಮಾತೃಭಾಷೆಯ ಕಾಲಂನಲ್ಲಿ 'ಕ್ರೀ' ಎಂದು ಬರೆದಿದ್ದರು.

"ಇದೆಂಥದು ಮಾರಾಯ?" ಎಂದರು, ಮನೆಯಲ್ಲಿ ನವಾಯತಿ ಮಾತಾಡುವ ನಮ್ಮ ಭಟ್ಕಳದ ಮ್ಯಾನೇಜರ್. "ಮಾತೃಭಾಷೆ ಇಂಗ್ಲಿಷ್ ಆದವರಿಗೆ ಮಾತ್ರ ಈ ಕೆಲಸ. ಕೇಳಿ ನೋಡು."

ಕೇಳಿದೆ.

"ನಮ್ಮಜ್ಜಿಯ ಭಾಷೆ. ಬಿಳಿಯರ ಬೋರ್ಡಿಂಗ್ ಶಾಲೆಯಲ್ಲಿ ಅದನ್ನು ಆಡಿದ್ದಕ್ಕೆ ಅವಳ ಬಾಯಿಗೆ ಸೋಪು ತುರುಕಿದರು. ಆಮೇಲೆ ಅಜ್ಜಿ ಮಕ್ಕಳಿಗೂ ಕಲಿಸಲಿಲ್ಲ."

"ನಿಮಗೆ ಬರುತ್ತದಾ?"

"ನಾಲ್ಕೈದು ಪದ."

ಮ್ಯಾನೇಜರ್ ಮುಖ ಅರಳಿತು. "ಬರುವುದೇ ಇಲ್ಲವಲ್ಲ! ಖಲಾಸ್, ಇಂಗ್ಲಿಷ್ ಅಂತ ಬರೀಲಿಕ್ಕೆ ಹೇಳು."

ಅರ್ಜಿ ಹಾಕಿದವರ ವಿಸಿಟ್ ವೀಸಾ ಮುಗಿಯಲು ನಾಲ್ಕು ದಿನ ಉಳಿದಿತ್ತು. 'ಕ್ರೀ' ಹೊಡೆದುಹಾಕಿ 'ಇಂಗ್ಲಿಷ್' ಎಂದು ಬರೆದರು. ಸೋಮವಾರದಿಂದ ಪಾಠ ಮಾಡುತ್ತಿದ್ದಾರೆ.